ಎಂಟು ಹೂಂ

ಸರ್ವರ್ ಅಂದರೆ ಉಪ್ಪುಮೀನಿನ ಪ್ಲಾಸ್ಟಿಕ್ ಡಬ್ಬಿ.
ಎಷ್ಟು ತೊಳೆದರೂ ವಾಸನೆ ಹೋಗಿಲ್ಲ.
ಒಳಗೆ ಹೆಬ್ಬೆರಳಿನಷ್ಟು ಚಿಪ್, ಒಂದು ಬ್ಯಾಟರಿ,
ಮಂಜುಗಡ್ಡೆಯ ತೂತಿನಲ್ಲಿ ಇಳಿಬಿಟ್ಟ ತಂತಿ.

ನಮ್ಮ ದ್ವೀಪಕ್ಕೂ ಎಸ್ಟೋನಿಯಾದ ದಡಕ್ಕೂ ನಡುವೆ
ಕಡಲು ಹೆಪ್ಪುಗಟ್ಟಿದ ವರ್ಷ ರಸ್ತೆಯಾಗುತ್ತದೆ.
ಉದ್ದಕ್ಕೂ ಜುನಿಪರ್ ಕೊಂಬೆ ನೆಟ್ಟು ಗುರುತು.
ಕಾರಿನವರು ಸೀಟುಬೆಲ್ಟ್ ಕಟ್ಟುವಂತಿಲ್ಲ,
ಬಿರುಕುಬಿಟ್ಟರೆ ಹೊರಗೆ ಹಾರಬೇಕಲ್ಲ.
ಎಷ್ಟು ದಪ್ಪ? ಎಷ್ಟು ದಪ್ಪ?
ಊರಿಗೆಲ್ಲ ಇದೊಂದೇ ಪ್ರಶ್ನೆ.

ಹೋದ ಚಳಿಗಾಲ ನಾನು ಬರೆದ ಪುಟ ದಡ್ಡ.
ಕೇಳಿದರೆ ಹೇಳುತ್ತಿತ್ತು, ಹೇಳಿ ಮರೆಯುತ್ತಿತ್ತು.
ಅಂಚೆಯ ಎಂಡೆಲ್ ಎರಡು ಸೆಕೆಂಡಿಗೊಮ್ಮೆ ಒತ್ತುತ್ತಿದ್ದ.
ಇಪ್ಪತ್ತೆರಡು.
ಇಪ್ಪತ್ತೆರಡು.
ಇಪ್ಪತ್ತೆರಡು.
ಪ್ರತಿ ಸಲವೂ ಹೊಸದಾಗಿ ಬಾಗಿಲು ತಟ್ಟಿ, ಹೆಸರು ಹೇಳಿ,
ಬೂಟು ಕಳಚಿ ಒಳಬಂದು, ಒಂದು ಅಂಕಿ ಇಸಕೊಂಡು,
ಬೂಟು ಮೆಟ್ಟಿ ಹೊರಟುಹೋಗುವ ನೆಂಟನ ಹಾಗೆ.
ಕದ ತೆಗೆದೂ ಹಾಕಿಯೂ ಬ್ಯಾಟರಿ ಸೊರಗಿತು.
ಸಂಜೆ ನಾಲ್ಕಕ್ಕೆ ಚಿಪ್ ಸತ್ತಿತು.
ಮಂಜುಗಡ್ಡೆ ಗಟ್ಟಿಯಾಗಿಯೇ ಇತ್ತು.

ಈ ಸಲ ಸಾಕೆಟ್ ತೆರೆದಿದ್ದೇನೆ.
ಒಮ್ಮೆ ತಟ್ಟು, ಒಮ್ಮೆ ಕೈಕುಲುಕು,
ಆಮೇಲೆ ಬಾಗಿಲು ಓರೆಯಾಗಿಯೇ ಇರಲಿ.
ಕೇಳಬೇಡ. ಇದ್ದರೆ ನಾನೇ ಹೇಳುತ್ತೇನೆ.
ಹೇಳಲು ಏನೂ ಇಲ್ಲದಾಗಲೂ ಅರ್ಧ ನಿಮಿಷಕ್ಕೊಮ್ಮೆ
ಚಿಪ್ ಪಿಸುಗುಡುತ್ತದೆ: ಇದ್ದೀಯಾ?
ಅತ್ತಲಿಂದ ಫೋನು: ಹೂಂ.
ಕಥೆ ಕೇಳುವ ಮಗು ಹೂಂಗುಟ್ಟುತ್ತಿರಬೇಕು,
ಹೂಂ ನಿಂತಿತೋ, ಹೇಳುವವರು ದೀಪ ಆರಿಸುತ್ತಾರೆ.
ನಮ್ಮ ದ್ವೀಪದ ಹೂಂ, ಉಸಿರನ್ನು ಒಳಗೆಳೆದುಕೊಂಡು ಅನ್ನುವ ‘ಯಾ’.
ಹೊಸಬರು ಗಾಬರಿಬೀಳುತ್ತಾರೆ, ಏನಾಯಿತೋ ಎಂದು.
ಏನೂ ಆಗಿಲ್ಲ. ಇದ್ದೇನೆ ಎಂದಷ್ಟೇ.

ಆದರೆ ಚಿಪ್ಪಿನ ನೆನಪು ಸಣ್ಣದು, ಎಂಟೇ ಜನಕ್ಕೆ ಜಾಗ.
ಎಂಡೆಲ್. ಬ್ರೆಡ್ ವ್ಯಾನಿನ ಕ್ಯುಲ್ಲಿ. ಶಾಲೆಯ ಬಸ್ಸು.
ಕುರಿಗಳ ಡಾಕ್ಟರು ರೀಹೊ.
ಇಗರ್ಜಿಯ ಗಂಟೆ ಹೊಡೆಯುವ ವಾಯ್ಕೆ,
ಅವಳು ಎಲ್ಲಿಗೂ ಹೋಗುವುದಿಲ್ಲ, ಸುಮ್ಮನೆ ನೋಡುತ್ತಾಳೆ.
ರಸ್ತೆ ಇಲಾಖೆಯ ಇಬ್ಬರು, ಒಬ್ಬರಿಗೊಬ್ಬರಿಗೆ ಮಾತಿಲ್ಲ.
ಎಂಟನೆಯದು ನಾನು.

ಫೆಬ್ರವರಿ. ಮೂರು ದಿನದಿಂದ ನೈಋತ್ಯದ ಗಾಳಿ.
ಇಪ್ಪತ್ತಾರಿದ್ದದ್ದು ಇಪ್ಪತ್ತನಾಲ್ಕೂವರೆ.
ರಾತ್ರಿ ಹನ್ನೊಂದಕ್ಕೆ ಒಂಬತ್ತನೆಯ ಯಾರೋ ತಟ್ಟಿದರು.
ಜಾಗವಿಲ್ಲ, ಅಂದಿತು ಚಿಪ್.
ಮತ್ತೆ ತಟ್ಟಿದರು. ಮತ್ತೆ.
ಹೆಸರಿಲ್ಲ, ಬರೀ ಒಂದು ಸಂಖ್ಯೆ ನನ್ನ ಪರದೆಯ ಮೂಲೆಯಲ್ಲಿ.
ಆಚೆ ದಡದಲ್ಲಿ ಇಂಜಿನ್ ಆರಿಸದೆ ನಿಂತ ಕಾರು ಅಂದುಕೊಂಡೆ.
ಕಾರೇ ಅಲ್ಲದಿರಬಹುದು,
ತಾಲಿನ್ನಿನಲ್ಲಿ ನಿದ್ದೆ ಬಾರದ ಯಾವನೋ ಇರಬಹುದು.

ಯಾರನ್ನು ಎಬ್ಬಿಸಲಿ?
ವಾಯ್ಕೆಯ ಸಾಲಿನ ಮೇಲೆ ಬೆರಳು ಹೋಯಿತು.
ಅಷ್ಟರಲ್ಲಿ ಅವಳ ಹೂಂ ಬಂತು.

ನನ್ನ ಪುಟ ಮುಚ್ಚಿದೆ.

ಬೈರಿಗೆ, ಅಳತೆಕೋಲು, ತಲೆಗೆ ಕಟ್ಟಿದ ದೀಪ.
ನಾಲ್ಕನೆಯ ಜುನಿಪರಿನವರೆಗೆ ನಡೆದು ಕೊರೆದೆ.
ಕೋಲಿನ ಗೆರೆ ಇಪ್ಪತ್ತನಾಲ್ಕು, ಕೈ ನಡುಗಿದ್ದನ್ನು ಕಳೆದರೆ.
ಡಬ್ಬಿ ಆಗ ಏನು ಹೇಳುತ್ತಿತ್ತೋ
ಎಂಟು ಜನಕ್ಕೆ ಗೊತ್ತು, ಕಟ್ಟಿದವಳಿಗೆ ಗೊತ್ತಿಲ್ಲ.
ಕಾಲಡಿ ಕಡಲು ಒಮ್ಮೆ ಗುಡುಗಿತು, ಉದ್ದಕ್ಕೆ,
ಯಾರೋ ಭಾರದ ಪೆಟ್ಟಿಗೆ ಎಳೆದ ಹಾಗೆ.
ಹೂಂ ಅಂದೆ, ಉಸಿರನ್ನು ಒಳಗೆಳೆದು.

ಬೆಳಿಗ್ಗೆ ಕಾರ್ಡು ತೆಗೆದು ಲಾಗು ಓದಿದೆ.
ಒಂಬತ್ತನೆಯದು ನಾಲ್ಕು ಹತ್ತರವರೆಗೆ ಇತ್ತು.
ಅರ್ಧ ನಿಮಿಷಕ್ಕೊಂದು ಹೂಂ, ಒಂದೂ ತಪ್ಪಿಲ್ಲ.
ಕೊನೆಯ ಅಂಕಿ ಸಾವಿರ,
ಅಂದರೆ ಹೋಗಿಬರುತ್ತೇನೆ ಎಂದು ಹೇಳಿಯೇ ಹೋದದ್ದು.
ಸಾವಿರದ ಆರು ಆಗಿದ್ದರೆ ಬೇರೆ ಮಾತು,
ಅದು ಬಾಯಿ ತೆರೆಯುವ ಮೊದಲೇ ಕಡಿದುಹೋದವರದು.

ಟೈರಿನ ಗುರುತು ಹುಡುಕಲಿಲ್ಲ.
ಹೊಸ ಹಿಮ ಬಿದ್ದಿತ್ತು.
ಡಬ್ಬಿಯ ಮೇಲಿನದನ್ನು ಕೈಯಿಂದ ಸವರಿ
ಮುಚ್ಚಳ ಹಾಕಿದೆ.