ಬುಧವಾರದ ಬೋರ್ಡು

ಮೂರ್ನಾಡಿನಿಂದ ಮೊದಲ ಬಸ್ಸು.
ಕಿಟಕಿಯ ಪಕ್ಕ ನನ್ನನ್ನು ಕೂರಿಸಿ
ಜನಿತ ಹೊರಗಡೆ ಕೂತಳು, ತಡೆಗಟ್ಟೆಯ ಹಾಗೆ,
ಎದುರಿನ ಕಂಬಿಗೆ ತನ್ನ ಸ್ವೆಟರು ಸುತ್ತಿ.
ಶಾಲೆಗೆ ರಜಾಚೀಟಿ ನಾನೇ ಬರೆದದ್ದು:
ಮಗಳಿಗೆ ಹುಷಾರಿಲ್ಲ.

ಮಡಿಕೇರಿ ಆಸ್ಪತ್ರೆಯ ಬೆಂಚಿನ ತುಂಬ
ನೋಡಿದರೆ ಗೊತ್ತಾಗುವವರು.
ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದವನು,
ಊರುಗೋಲಿಗೆ ಹಳೇ ಟ್ಯೂಬು ಸುತ್ತಿದವನು.
ಒಬ್ಬಾಕೆ ನನ್ನನ್ನು ಕೇಳಿದಳು:
"ಯಾರ ಜೊತೆ ಬಂದದ್ದು ನೀವು?"

ಅರ್ಜಿಯಲ್ಲಿ ಒಂದು ಪ್ರಶ್ನೆ ಉಂಟು: ಊನವಾದ ಅಂಗ ಯಾವುದು?
ಕೈ, ಕಾಲು, ಕಣ್ಣು, ಕಿವಿ, ಪಕ್ಕದಲ್ಲಿ ಚೌಕ.
ಪಂಚಾಯ್ತಿಯ ವಿಶಾಲಾಕ್ಷಿ ಪೆನ್ನು ಕಚ್ಚಿಕೊಂಡು ಕೂತಿದ್ದಳು,
"ಏನಂತ ಬರೀಲಿ ಅಕ್ಕ?"
ಹೊತ್ತು, ಎಂದೆ. ಹೊತ್ತು ಊನ ನನಗೆ.
ತಿಂಗಳಿಗೆ ಒಂಬತ್ತು ಸಲ ಯಾರೋ ನಾಲ್ಕು ನಿಮಿಷ
ಕಿತ್ತುಕೊಂಡು ಹೋಗುತ್ತಾರೆ,
ವಾಪಸು ಕೊಡುವಾಗ ನಾಲಿಗೆ ಹರಿದಿರುತ್ತದೆ.
ಅವಳು 'ಇತರೆ'ಗೆ ಗೀಟು ಹಾಕಿದಳು.

ಒಳಗೆ ಮೂವರು ಡಾಕ್ಟರು, ಒಂದು ಫ್ಯಾನು.
ಮಾತ್ರೆ ತಗೊಳ್ತೀರಾ? ಮೂರು ಬಗೆ, ಹೊತ್ತು ತಪ್ಪದೆ.
ಆದರೂ ಬರುತ್ತಾ? ಆದರೂ ಬರುತ್ತೆ.
ಹೇಗೆ ಬರುತ್ತೆ, ಹೇಳಿ.

ಏನು ಹೇಳಲಿ ಸಾರ್,
ನನ್ನ ಕಾಯಿಲೆಯನ್ನು ನಾನೊಬ್ಬಳು ಬಿಟ್ಟು ಎಲ್ಲರೂ ನೋಡಿದ್ದಾರೆ.
ಕಾಫಿ ಕಣದ ರೈಟರು ನೋಡಿದರು, ನಾಳೆಯಿಂದ ಬರಬೇಡ ಎಂದರು.
ಗಂಡ ನೋಡಿದ, ಎರಡು ಸಲ. ಮೂರನೆಯದಕ್ಕೆ ಇರಲಿಲ್ಲ.
ಪಕ್ಕದ ಮನೆಯ ಕುಂಞಾಮಿನ ಕೈಗೆ ಬೀಗದಕೈ ಹಿಡಿಸುತ್ತಾಳೆ.
ಅದರಿಂದ ಏನೂ ನಿಲ್ಲುವುದಿಲ್ಲ,
ಆದರೆ ಎದ್ದಾಗ ಅಂಗೈಯಲ್ಲಿ ಅವಳ ಮನೆಯ ಬೀಗದಕೈ,
ನಂಬಿ ಕೊಟ್ಟುಹೋದ ಹಾಗೆ.
ನಾನು ತಲುಪುವಾಗ ಎಲ್ಲ ಮುಗಿದಿರುತ್ತದೆ ಸಾರ್,
ಒಲೆಯ ಮೇಲೆ ಅನ್ನ ಸೀದು, ಸೀರೆ ಒದ್ದೆಯಾಗಿ,
ಸುತ್ತ ಕಾಲುಗಳು.

ಸಹಕಾರ ಸಂಘದ ಕ್ಯಾಲೆಂಡರು ಬಿಚ್ಚಿದೆ.
ಸಣ್ಣದಕ್ಕೆ ಚುಕ್ಕೆ, ದೊಡ್ಡದಕ್ಕೆ ಕತ್ತರಿ.
"ಇದನ್ನು ಗುರುತು ಹಾಕಿದ್ದು ಯಾರು?"
ಜನಿತ ಮುಂದೆ ಬಂದಳು. ಮೂರನೇ ಕ್ಲಾಸು.
ಮಗ್ಗಿ ಒಪ್ಪಿಸುವಂತೆ ಕೈ ಹಿಂದೆ ಕಟ್ಟಿ:
"ಮೊದಲು ಅಮ್ಮ ಹೂವಿನ ವಾಸನೆ ಅಂತಾಳೆ.
ಆಮೇಲೆ ಕತ್ತು ಎಡಕ್ಕೆ ಹೋಗ್ತದೆ.
ನಾನು ಕತ್ತಿ ದೂರ ಇಡ್ತೇನೆ, ಅಮ್ಮನ್ನ ಮಗ್ಗುಲಿಗೆ ತಿರುಗಿಸ್ತೇನೆ,
ಗಡಿಯಾರ ನೋಡ್ತೇನೆ.
ಹುತ್ತರಿ ದಿನ ಆರು ನಿಮಿಷ ಹತ್ತು ಸೆಕೆಂಡು."
ಎಲ್ಲಿ ಕಲಿತಳೋ. ನಾನಿರಲಿಲ್ಲವಲ್ಲ.

ಕಾಫಿ ಹೂವಿನ ವಾಸನೆ ಅದು.
ಕಕ್ಕಡದ ಮಳೆಯಲ್ಲೂ ಬರುತ್ತದೆ, ಗಿಡದಲ್ಲಿ ಒಂದು ಮೊಗ್ಗಿಲ್ಲದಾಗ.
ಆಗ ಸುಲಭ: ಹೂವಿಲ್ಲ, ಹಾಗಾದರೆ ಅದೇ.
ನೆಲ ಸಿಕ್ಕಲ್ಲಿ ಕೂತುಬಿಡುತ್ತೇನೆ.
ಕಷ್ಟ ಮಾರ್ಚಿನಲ್ಲಿ.
ಹೂಮಳೆ ಬಿದ್ದ ವಾರಕ್ಕೆ ತೋಟ ಬೆಳ್ಳಗಾಗಿ
ಊರಿಗೆ ಊರೇ ಮೂಗರಳಿಸುವಾಗ
ನಾನು ಒಲೆ ಆರಿಸಿ ಗೋಡೆ ಹಿಡಿದಿರುತ್ತೇನೆ.

"ಈಗ ನೋಡಿದರೆ ಚೆನ್ನಾಗೇ ಇದ್ದೀರಲ್ಲ" ಎಂದರು ನಡುವಿನವರು.
ಆಗಲೇ ಬಂತು, ವಾಸನೆ.
ಬಾ, ಎಂದೆ ಮನಸ್ಸಿನಲ್ಲೇ.
ಹನ್ನೊಂದು ವರ್ಷದಲ್ಲಿ ಮೊದಲ ಸಲ ಅದನ್ನು ಕರೆದೆ.
ಇಲ್ಲೇ ಬಾ, ಈ ಮೂವರ ಎದುರು,
ಈ ಮೇಜಿನ ಕಾಲಿಗೆ ತಲೆ ಒಡೆದರೂ ಸರಿ, ಬಾ.

ಜನಿತ ಕಿಟಕಿಗೆ ಹೋಗಿ ಮೂಸಿ ನೋಡಿದಳು.
"ನಿಜದ್ದು ಅಮ್ಮ. ಹಿಂದೆ ಗಿಡ ಉಂಟು."

ಮೂವತ್ತು ಪರ್ಸೆಂಟ್ ಬರೆದರು. ನಲವತ್ತು ಬೇಕು.
ಮತ್ತೆ ಅರ್ಜಿ ಹಾಕಬಹುದಂತೆ,
ಕಂಡವರೊಬ್ಬರ ಹೇಳಿಕೆ ಇದ್ದರೆ ಒಳ್ಳೆಯದಂತೆ.
"ದೊಡ್ಡವರದ್ದು" ಎಂದ ಗುಮಾಸ್ತ, ಜನಿತಳನ್ನು ನೋಡಿ,
"ಹದಿನೆಂಟು ಆಗಿರಬೇಕು."

ವಾಪಸು ಬಸ್ಸಿನಲ್ಲಿ
ಇನ್ನೆಷ್ಟು ವರ್ಷ ಎಂದು ಬೆರಳು ಮಡಚುತ್ತಿದ್ದಾಳೆ.
ಒಂದು ಕೈ ನನ್ನ ಮಣಿಕಟ್ಟು ಹಿಡಿದು ಬಿಡದೆ ಇರುವುದರಿಂದ
ಲೆಕ್ಕ ಐದರ ಆಚೆ ಹೋಗುತ್ತಿಲ್ಲ.