ಗಿಡಗಂಟಿ

ಸರ್ವೆಯವನ ನಕ್ಷೆಯಲ್ಲಿ ಅದಕ್ಕೆ ಹೆಸರಿಲ್ಲ.
'ಗಿಡಗಂಟಿ' ಎಂದು ಬರೆದು ಕೆಳಗೊಂದು ಗೀಟು ಎಳೆದಿದ್ದಾನೆ.
ಆ ಗೀಟಿಗೆ ಈಗ ಹನ್ನೊಂದು ವರ್ಷ.
ಗೀಟಿನ ಈಚೆ ನಾನು, ಆಲೂಗಡ್ಡೆ.
ಆಚೆ ತಿಮ್ಮಾಜಮ್ಮ, ಶುಂಠಿ.
ನಡುವೆ ಒಂದೂವರೆ ಗಜ ನೆಲ,
ಅದರ ಮೇಲೆ ಯಾರ ಮಾತೂ ಕೇಳದೆ ಬೆಳೆದ ಲಕ್ಕಿ.

ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ.
ನಮ್ಮ ಆಡು ಇದನ್ನು ಮೂಸಿ, ಸೀನಿ, ಹಿಂದಕ್ಕೆ ಬರುತ್ತೆ.
ಆಡು ಬಿಟ್ಟದ್ದು ಮಂಡಿಗೆ ಬೇಕಾಯಿತು.

ಈ ಮಾಗಿಯಲ್ಲಿ ನನ್ನ ಬಲಮಂಡಿ
ಎಣ್ಣೆ ಕಾಣದ ಗಾಡಿಯ ಹಾಗೆ ಕಿರುಗುಟ್ಟತೊಡಗಿತು.
ಅರಕಲಗೂಡಿನ ಆಸ್ಪತ್ರೆಯಲ್ಲಿ ಕೊಟ್ಟ ಮಾತ್ರೆ
ನೋವಿನ ಮೇಲೆ ಬೀಳೋ ಮೊದಲು ಹೊಟ್ಟೆಯ ಮೇಲೆ ಬಿತ್ತು.
ಅತ್ತೆ ಹೇಳುತ್ತಿದ್ದದ್ದು ನೆನಪಾಯಿತು:
ಲಕ್ಕಿ ಎಲೆ, ಐದು ಬೆರಳಿನದು,
ಹಿಂಬದಿ ಬೂದಿ ಬಳಿದ ಹಾಗಿರಬೇಕು,
ಹರಳೆಣ್ಣೆ ಸವರಿ ಹೆಂಚಿನ ಮೇಲೆ ಬಾಡಿಸು,
ಹಳೇ ಪಂಚೆಯಲ್ಲಿ ಗಂಟು ಕಟ್ಟು,
ಅಂಗೈ ತಡೆಯುವಷ್ಟು ಬಿಸಿ ಮಂಡಿಯೂ ತಡೆಯುತ್ತೆ.

ಆದರೆ ತಡೆಯಾಜ್ಞೆ ಇದೆ. ತೀರ್ಪಾಗೋವರೆಗೆ
ಬೇಲಿಯ ಒಂದು ಕಡ್ಡಿಯನ್ನೂ ಇಬ್ಬರೂ ಮುರಿಯುವಂತಿಲ್ಲ.
ಹಾಗಾಗಿ ರಾತ್ರಿ ಹೋದೆ,
ನನ್ನದೇ ಎಂದು ಹನ್ನೊಂದು ವರ್ಷ ವಾದಿಸಿದ ಗಿಡಕ್ಕೆ,
ಟಾರ್ಚನ್ನು ಸೆರಗಿನಲ್ಲಿ ಮುಚ್ಚಿಕೊಂಡು,
ಲಕ್ಕಿ ಬೇಲಿಗೆ ನಾನೇ ಕಳ್ಳಿಯಾಗಿ.
ಸೊಪ್ಪು ಕಿತ್ತರೆ ಸದ್ದಿಲ್ಲ. ವಾಸನೆ ಮಾತ್ರ
ನಾಯಿ ಬೊಗಳಿದ ಹಾಗೆ ಊರಿಗೆಲ್ಲ ಕೇಳಿಸುತ್ತೆ.

ಮೂರನೇ ವಾರ, ಬೆಳಕಿನಲ್ಲಿ ನೋಡಿದೆ.
ಬೇಲಿ ಸೊಂಟದ ಎತ್ತರದಲ್ಲಿ ಬೋಳಾಗಿತ್ತು,
ನಾನು ಕಿತ್ತ ಕಡೆ ಮಾತ್ರವಲ್ಲ, ಆಚೆ ಕಡೆಯೂ.
ಆಕಾಶ ತೂರುವಷ್ಟು ತೂತು.
ಮಂಡಿಯಿಂದ ಕೆಳಗಿನ ಸೊಪ್ಪೆಲ್ಲ ಹಾಗೇ ಇತ್ತು,
ಕಪ್ಪಗೆ, ಸೊಂಪಾಗಿ, ಯಾರೂ ಮುಟ್ಟದೆ.
ಬಗ್ಗಲಾರದವರು ಕಿತ್ತದ್ದು.

ಕೋರ್ಟು ಮಹಡಿ ಮೇಲೆ. ಇಪ್ಪತ್ತಾರು ಮೆಟ್ಟಿಲು.
ನಾನು ಎಡಗಡೆ ಕಂಬಿ ಹಿಡಿದೆ, ಅವಳು ಬಲಗಡೆ,
ಒಂದೊಂದು ಮೆಟ್ಟಿಲಿಗೂ ಎರಡೂ ಕಾಲಿಟ್ಟು, ಎಳೆಮಕ್ಕಳ ಹಾಗೆ.
ಮುಂದೆ ಹೋಗುವ ಶಕ್ತಿ ಇಬ್ಬರಿಗೂ ಇಲ್ಲ,
ಹಿಂದುಳಿಯುವ ಮನಸ್ಸೂ ಇಲ್ಲ.
ಒಟ್ಟಿಗೇ ತಲುಪಿದೆವು.

"ವಾದಿ ಪುಟ್ಟಸಿದ್ದಮ್ಮಾ..." ಕೂಗಿದರು.
ಬೇಲಿ ನೆಟ್ಟವರು ಯಾರು?
ನಮ್ಮ ಮಾವ, ಅನ್ನಬೇಕು. ಲಾಯರು ಹೇಳಿಕೊಟ್ಟಿದ್ದರು.
ಅವಳಿಗೂ ಒಬ್ಬ ಮಾವ ಇದ್ದ, ಅವನೂ ನೆಟ್ಟಿದ್ದ,
ಅದೇ ಗಿಡ, ಅದೇ ವರ್ಷ, ಬೇರೆ ಸಾಕ್ಷಿ.
ಫ್ಯಾನು ತಿರುಗುತ್ತಿತ್ತು. ಹರಳೆಣ್ಣೆಯ, ಲಕ್ಕಿಯ ಘಾಟು
ನನ್ನ ಸೀರೆಯಿಂದ ಎದ್ದು ಅವಳ ಕಡೆ ಹೋಯಿತು,
ಅವಳ ಕಡೆಯಿಂದ ಅದೇ ಘಾಟು ನನ್ನ ಕಡೆ ಬಂತು.
ಸಾಹೇಬರು ಮೂಗು ಉಜ್ಜಿ, ಕಿಟಕಿ ತೆಗೀರಿ ಅಂದರು.
ತಿಮ್ಮಾಜಮ್ಮ ನೆಲ ನೋಡಿದಳು. ನಾನು ಫ್ಯಾನು ನೋಡಿದೆ.

"ಯಾರೂ ನೆಟ್ಟಿಲ್ಲ ಸ್ವಾಮಿ. ಕಾಲುವೆಗೆ ನೀರು ಬಿಟ್ಟ ವರ್ಷ
ಅದಾಗದೇ ಹುಟ್ಟಿತು."
ಹೇಗೆ ಬಾಯಿಂದ ಬಂತೋ, ಬಂದುಬಿಟ್ಟಿತು.
ಲಾಯರು ಫೈಲಿನಿಂದ ತಲೆಯೆತ್ತಿ ದುರುಗುಟ್ಟಿಕೊಂಡು ನೋಡಿದರು.
ಪಾಪ, ಹುಡುಗ. ಮೆಟ್ಟಿಲು ಎರಡೆರಡು ಹಾರುತ್ತಾನೆ.

ಮುಂದಿನ ವಾಯಿದೆ ಯುಗಾದಿ ಕಳೆದ ಮೇಲೆ.
ಬಸ್ಸಿನಲ್ಲಿ ಅವಳು ಹಿಂದಿನ ಸೀಟು, ನಾನು ಮುಂದಿನದು.
ಹನ್ನೊಂದು ವರ್ಷದ ಮೌನ ಒಂದು ಸೊಪ್ಪಿಗೆ ಜಗ್ಗುತ್ತಾ?
ಇಳಿದ ಮೇಲೆ, ಬೆನ್ನು ನನ್ನ ಕಡೆ ಇಟ್ಟುಕೊಂಡೇ,
"ಗಂಟಿಗೆ ಉಪ್ಪು ಹಾಕ್ತೀಯಾ?" ಅಂದಳು.
ಇಲ್ಲ ಅಂದೆ.
"ಒಂದು ಹಿಡಿ ಕಲ್ಲುಪ್ಪು ಹಾಕು. ಬಿಸಿ ನಿಲ್ಲುತ್ತೆ."

ರಾತ್ರಿ ಹಾಕಿ, ಗಡಿಯಾರ ಮುಂದಿಟ್ಟುಕೊಂಡು ಕೂತೆ.
ಇಪ್ಪತ್ತು ನಿಮಿಷ ಹೆಚ್ಚೇ ನಿಂತಿತು.
ಹಾಳಾದವಳು,
ಮೊದಲೇ ಹೇಳಬಾರದಾಗಿತ್ತಾ.