ಬೆರಕೆ

ತಲೆಗೆ ಎಣ್ಣೆ ಹಚ್ಚದೆ ಬಾ ಅಂದಿದ್ದೆವು.
ಹಚ್ಚಿಕೊಂಡೇ ಬಂದಿದ್ದ, ಪುಣ್ಯಾತ್ಮ.
ಶಾಂಪೂ ಪೊಟ್ಟಣ ಕೊಟ್ಟು ಹಿಂದಿನ ನಲ್ಲಿಗೆ ಕಳಿಸಿದೆ.
ರಾಯಚೂರಿನ ಮೇ ತಿಂಗಳು,
ನಲ್ಲಿಯ ನೀರು ತಾನೇ ಕುದ್ದು ಬರುತ್ತದೆ.

ಹೆಸರು ಮುದುಕಪ್ಪ. ಕಂಸದೊಳಗೆ, ದಾನಿಯೇಲ.
ವಯಸ್ಸು ನಲವತ್ತೊಂದು. ಹಟ್ಟಿಯ ಚಿನ್ನದ ಗಣಿ, ಎರಡನೇ ಪಾಳಿ.
ಕಳಿಸಿದ ಕಾರಣದ ಖಾನೆಯಲ್ಲಿ
ದೊಡ್ಡ ಡಾಕ್ಟರ ಕೈಬರಹ: ಬೆಳಕು ಕಂಡಿದ್ದಾನೆ.

ಟೇಪು ಹಿಡಿದು ತಲೆ ಅಳೆದೆ,
ಮೂಗಿನ ಬುಡದಿಂದ ಹಿಂದಲೆಯ ಉಬ್ಬಿನ ತನಕ
ಮೂವತ್ತಾರು ಸೆಂಟಿಮೀಟರು.
ಇಷ್ಟರಲ್ಲೇ ಎಲ್ಲೋ ಆಗಿರಬೇಕು, ಆದದ್ದು.
ಕೆಂಪು ಪೆನ್ಸಿಲಿನ ಗುರುತು, ಪೇಸ್ಟು, ಒಂದೊಂದೇ ತಂತಿ.
ಅಂಟಿಸುವಷ್ಟು ಹೊತ್ತೂ ಮಾತಾಡಿದ:

"ಪಂಜರ ಬರೋದು ತಡ ಆಗಿತ್ರಿ ಅಕ್ಕಾರ.
ಟೊಪ್ಪಿಗಿ ಲೈಟು ಪಕ್ಕನ ಹೋತು.
ಗಣಿಯೊಳಗಿನ ಕತ್ತಲ ನಿಮಗ ಗೊತ್ತಿಲ್ರಿ,
ಕಣ್ಣು ಮುಚ್ಚಿದ್ರೂ ಅಷ್ಟ, ತೆರೆದ್ರೂ ಅಷ್ಟ.
ಆಗ 'ಸಣ್ಯಾ' ಅಂತ ಕರೀತು.
ನಮ್ಮವ್ವ ಒಬ್ಬಾಕೀನ ಹಂಗ ಕರಿತಿದ್ಲು, ಸತ್ತು ಒಂಬತ್ತು ವರ್ಷ.
ಆದ್ರ ಅವ್ವನ ದನಿ ಅಲ್ರಿ ಅದು. ಗಂಡಸಿಂದೂ ಅಲ್ಲ.
ಆಮ್ಯಾಲ ಬೆಳಕು. ಬೀಸೋ ಕಲ್ಲಿನ ಸುತ್ತ
ಜೋಳದ ಹಿಟ್ಟು ಬೀಳ್ತದಲ್ಲ, ಹಂಗ. ಮೆತ್ತಗ."

ಮನಶ್ಶಾಸ್ತ್ರದ ಹುಡುಗ ಒಳ್ಳೆಯವನು.
ಮೂರು ದಿನ ಇವನೆದುರು ಕೂತು ಆರು ಪುಟ ಬರೆದಿದ್ದಾನೆ:
ಎರಡು ವರ್ಷದ ಹಿಂದೆ ಪಾಳಿ ಬದಲಿಸಿಕೊಂಡದ್ದು,
ಬದಲಿಗೆ ಇಳಿದ ಯಂಕೋಬನ ಮೇಲೆ ಬಂಡೆ ಕಳಚಿದ್ದು,
ಅಂದಿನಿಂದ ಕುಡಿತ, ನಿದ್ದೆಗೇಡು.
ತಾನು ಹೊರಲಾರದ್ದನ್ನು ಮನಸ್ಸು
ಇನ್ನೊಬ್ಬರ ಹೆಗಲಿಗೆ ದಾಟಿಸುತ್ತದಂತೆ,
ಆ ಇನ್ನೊಬ್ಬರಿಗೆ ಒಂದು ಹೆಸರಿಡುತ್ತದಂತೆ.
ಓದಿದೆ. ಒಂದು ಮಾತೂ ಸುಳ್ಳೆನಿಸಲಿಲ್ಲ.
ಆರನೇ ಪುಟ ಮುಗಿದ ಮೇಲೆ
ಬೆರಳು ಏಳನೆಯದನ್ನು ಹುಡುಕಿತು, ಅಷ್ಟೆ.

ಹೊರಗೆ ಬೆಂಚಿನ ಮೇಲೆ ಅಣ್ಣ ಗುಡುಗುತ್ತಿದ್ದ:
"ಮನಿದೇವರ ಕೈ ಬಿಟ್ಟಾನ. ಕರೆಂಟು ಕೊಟ್ಟಾರ ತಿರುಗಿಸ್ರಿ."
ಹೆಂಡತಿ ಬಾಗಿಲ ಸಂದಿನಲ್ಲಿ ನನ್ನ ಕೋಟು ಹಿಡಿದಳು.
"ಯವ್ವಾ, ಗುಳಿಗಿ ಕೊಡೋದಿದ್ರ ನೋಡಿ ಕೊಡ್ರಿ.
ಅದು ಹೋದ್ರ ಹೋಗಲಿ. ಅದರ ಕೂಡ
ಕುಡಿಯೋದು ಬಿಟ್ಟದ್ದೂ ಹೋದ್ರ ಏನ್ ಮಾಡ್ಲಿ?
ಎರಡೂ ಒಂದ ಗಂಟಿನ್ಯಾಗ ಅದಾವ."

ದೀಪ ಆರಿಸಿದೆ. ಗೆರೆಗಳು ಓಡಿದವು.
ನಾನು ಕಲಿತ ಮೊದಲ ಪಾಠ:
ಮಿದುಳಿನದಲ್ಲದ್ದನ್ನು ಗುರುತಿಸು.
ರೆಪ್ಪೆ ಬಡಿದರೆ ಗುಡ್ಡ ಏಳುತ್ತದೆ,
ಹಲ್ಲು ಕಚ್ಚಿದರೆ ಜಾಲಿಮುಳ್ಳು.
ಅರ್ತಿಂಗ್ ಕೆಟ್ಟರೆ ಶಕ್ತಿನಗರದ ಕರೆಂಟೇ
ಗೆರೆಯೊಳಗೆ ನುಗ್ಗಿ ಗುಂಯ್‌ಗುಡುತ್ತದೆ.
ಎಲ್ಲಕ್ಕೂ ಇಲ್ಲಿ ಒಂದೇ ಹೆಸರು, ಬೆರಕೆ.

ಹನ್ನೊಂದನೇ ನಿಮಿಷಕ್ಕೆ ನಕ್ಕ.
ಕಣ್ಣು ಮುಚ್ಚಿಯೇ, ಬೀದಿಯಲ್ಲಿ ಯಾರೋ
ಹೆಸರು ಹಿಡಿದು ಕರೆದಾಗ ನಗುವಂತೆ.
ಎಡಗಡೆಯ ನಾಲ್ಕು ಗೆರೆ ಒಮ್ಮೆಲೇ ಎದ್ದು ಕೂತವು.
ಕೆನ್ನೆಯ ಸ್ನಾಯು. ಇರಬಹುದು. ಕೆನ್ನೆಯದೇ.

ಏಳನೇ ಕ್ಲಾಸಿನಲ್ಲಿ, ದೇವಸೂಗೂರಿನ ಹೊಳೆಯಲ್ಲಿ
ಮುಳುಗಿ ಎದ್ದ ದಿನ ನನಗೂ ಏನೋ ಆಗಿತ್ತು.
ಓಡಿ ಹೋಗಿ ಹೇಳಿದೆ. ಅಮ್ಮಿ ಹಣೆ ಮುಟ್ಟಿ ನೋಡಿ
ಗುಳಿಗೆ ನುಂಗಿಸಿ ಮಲಗಿಸಿದಳು.
ಜ್ವರ ಇದ್ದದ್ದೂ ನಿಜ.

ನಾಲ್ಕು ಗೆರೆಗಳ ಮೇಲೆ ಗುರುತು ಹಾಕಿದೆ: ಬೆರಕೆ.
ವರದಿ: ನಾರ್ಮಲ್.

ತಂತಿ ಬಿಡಿಸುವಾಗ ಕೇಳಿದ, "ಬಂತೇನ್ರಿ ಅದರಾಗ?"
"ಏನು?"
ನಾಚಿಕೊಂಡ. "ಏನಿಲ್ಲ ಬಿಡ್ರಿ."
ಹಣೆಯ ಪೇಸ್ಟನ್ನು ಟವೆಲ್ಲಿನ ಚುಂಗಿನಿಂದ ಒರೆಸಿಕೊಂಡ.

ಬಾಗಿಲಲ್ಲಿ ಹೆಂಡತಿ:
"ಈಗ ತಲಿಗೆ ಎಣ್ಣಿ ಹಚ್ಚಬಹುದೇನ್ರಿ?"

ಹಚ್ಚಿ ಅಂದೆ.